ಇಪ್ಪತ್ತಮೂರು ಸುತ್ತು

ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೋಟಾರುಗಳಿಗೆ ಸ್ನಾನವಾಗುತ್ತಿತ್ತು. ಹೀಗಂದರೆ ನನ್ನ ಮಗ ನಗುತ್ತಾನೆ. ಆದರೆ ಆಗುತ್ತಿದ್ದದ್ದು ಸ್ನಾನವೇ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮಗಿದ್ದದ್ದು ಒಂದು ಹಾಲು, ಒಂದು ಕೋಣೆ, ಅಡುಗೆಮನೆ, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು ಹಾಕಿದ್ದ ಒಂದು ವರಾಂಡ. ಆ ವರಾಂಡದಲ್ಲಿ ಅಪ್ಪ ಬನಿಯನ್, ಲುಂಗಿಯಲ್ಲಿ ಕಾಲು ಚಾಚಿ ಕೂತು, ದಪ್ಪ ನಿಂಬೆಹಣ್ಣಿನಷ್ಟಿದ್ದ ತಗಡಿನ ಮೋಟಾರನ್ನು ನೀರಿನಲ್ಲಿ ಮುಳುಗಿಸಿ, ಅದರ ತಂತಿಗಳನ್ನು ಟಾರ್ಚಿನ ಸೆಲ್ಲುಗಳಿಗೆ ತಾಗಿಸುತ್ತಿದ್ದ. ಮೋಟಾರು ನೀರಿನೊಳಗೇ ಗುರುಗುಟ್ಟುತ್ತ ತಿರುಗುತ್ತಿತ್ತು. ಒಳಗಿನ ಇಂಗಾಲದ ಬ್ರಷ್ಷು ಸವೆದು ನೀರು ನೋಡನೋಡುತ್ತ ಕಪ್ಪಾಗುತ್ತಿತ್ತು. ಹಾಗೆ ಒಂದಿಷ್ಟು ಸವೆದರೇನೇ ಬ್ರಷ್ಷು ತಾಮ್ರದ ಮೇಲೆ ಸರಿಯಾಗಿ ಕೂತು ಮೋಟಾರು ತನ್ನ ಪೂರ್ತಿ ಶಕ್ತಿ ಕೊಡುವುದು ಎಂದು ಅಪ್ಪ ಹೇಳುತ್ತಿದ್ದ. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಮೋಟಾರು ವಿಭಾಗದ ಮೇಲ್ವಿಚಾರಕ. ಅಲ್ಲಿ ಅವನ ಕೈಗೆ ಬರುತ್ತಿದ್ದ ರೈಲಿನ ಮೋಟಾರುಗಳನ್ನು ಕ್ರೇನಿನಿಂದ ಎತ್ತಬೇಕಾಗಿತ್ತು. ಮನೆಯಲ್ಲಿ ಅಂಗೈ ಮೇಲೆ ಕೂರುವ ಈ ಪುಟ್ಟ ಮೋಟಾರುಗಳ ಮುಂದೆ ಕೂತಾಗಲೂ ಅವನ ಮುಖದಲ್ಲಿ ಅದೇ ಗಾಂಭೀರ್ಯವಿರುತ್ತಿತ್ತು.

ಅಜ್ಜ ತೀರಿಕೊಂಡ ಮೇಲೆ ಅಪ್ಪನ ತಾಯಿ, ನಮ್ಮ ಅಜ್ಜಿ, ನಂಜನಗೂಡಿನ ಕಡೆಯಿಂದ ನಮ್ಮೊಂದಿಗೆ ಇರಲು ಬಂದಳು. ಬಂದ ಮೊದಲ ಶನಿವಾರವೇ ದೊಡ್ಡ ರಂಪವಾಯಿತು. ಅಪ್ಪ ಕೈಗೆ ಸಿಕ್ಕಿದ ಹಿತ್ತಾಳೆ ಚೊಂಬನ್ನು ತೆಗೆದುಕೊಂಡಿದ್ದ. ಮೋಟಾರು ಹಿಡಿಸುವಷ್ಟೇ ಬಾಯಿ, ಮುಳುಗುವಷ್ಟೇ ಆಳ, ಅವನಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಅದು ಅಜ್ಜಿ ಊರಿನಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ, ದೇವರಿಗೆ ನೀರಿಡುವ ಚೊಂಬು. ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದವಳು ಅದರಲ್ಲಿ ಮಸಿನೀರು ಕಂಡು ಬಾಗಿಲಲ್ಲೇ ಕೂತುಬಿಟ್ಟಳು.

"ದೇವ್ರ ಚೊಂಬಲ್ಲಿ ಮಸಿ ಕಲಸ್ತಾ ಕುಂತಿದ್ದೀಯಲ್ಲೋ ನಂಜುಂಡ. ಇದಕ್ಕೇನಾ ನೀನು ಮದ್ರಾಸಿಗೆ ಬಂದಿದ್ದು?"

ಆ ಬೆಳಿಗ್ಗೆ ಅಜ್ಜಿ ಏನೂ ತಿನ್ನಲಿಲ್ಲ. ಅಮ್ಮ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು, ಅಪ್ಪ ಹೊಸದೊಂದನ್ನು ಕೊಂಡು ತಂದ, ಎರಡೂ ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಅಂದಿನಿಂದ ಮೋಟಾರುಗಳ ಸ್ನಾನ ಖಾಲಿ ಉಪ್ಪಿನಕಾಯಿ ಬಾಟಲಿಗೆ ವರ್ಗವಾಯಿತು. ಅಜ್ಜಿಗೆ ಇನ್ನೊಂದು ದುಃಖವೂ ಇತ್ತು. ಅಕ್ಕ ಶೈಲಾ ಮತ್ತು ನಾನು ಶಾಲೆಯ ತಮಿಳಿನಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಅಜ್ಜಿಗೆ ತಿಳಿಯುತ್ತಿದ್ದದ್ದು ತರಕಾರಿ ಗಾಡಿಯವನ ತಮಿಳು ಮಾತ್ರ. ಊಟಕ್ಕೆ ಕೂತಾಗಲಾದರೂ ಕನ್ನಡವಾಡಿ ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಅಜ್ಜಿ ಕೇಳಿದ್ದನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ, ಚಿಕ್ಕವಳಾದ್ದರಿಂದ, ನನ್ನ ಪಾಲಿಗೆ ಬಂದಿತ್ತು.

ಈ ಮೋಟಾರುಗಳ ಹುಚ್ಚು ಅಪ್ಪನಿಗೆ ಅಂಟಿದ್ದು ಡೆಸ್ಮಂಡ್ ಅಂಕಲ್ ಅವರಿಂದ. ನಿವೃತ್ತ ಎಂಜಿನ್ ಡ್ರೈವರ್ ಅವರು, ನಮ್ಮ ಹಿಂದಿನ ಬೀದಿಯ ಆಂಗ್ಲೋ ಇಂಡಿಯನ್. ಆಸ್ಟ್ರೇಲಿಯಾದಲ್ಲಿದ್ದ ಅವರ ತಂಗಿ ರೇಡಿಯೋದಿಂದ ಓಡಿಸುವ ಕಾರುಗಳನ್ನು ಕಳಿಸುತ್ತಿದ್ದಳು. ಹಳೆಯದೊಂದನ್ನು ಅಪ್ಪನಿಗೆ ಕೊಟ್ಟಿದ್ದರು. ಆಟಿಕೆ ಎಂದು ಯಾರಾದರೂ ಅಂದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಮೊಳದುದ್ದದ ಆ ಕಾರು ಸ್ಕೂಟರಿನ ವೇಗದಲ್ಲಿ ಓಡುತ್ತಿತ್ತು. ತಿರುವೊಟ್ಟಿಯೂರಿನಲ್ಲಿ ಮುಚ್ಚಿಹೋಗಿದ್ದ ಒಂದು ಗೋದಾಮಿನ ಸಿಮೆಂಟಿನ ಅಂಗಳದಲ್ಲಿ, ಹಳೆಯ ಟೈರುಗಳನ್ನು ಸೀಳಿ ಸಾಲಾಗಿಟ್ಟು ಓಟದ ದಾರಿ ಮಾಡಿದ್ದರು. ಭಾನುವಾರ ಬೆಳಿಗ್ಗೆ ಅಲ್ಲಿ ಪಂದ್ಯ. ಅಪ್ಪ, ಅಕ್ಕ, ನಾನು ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಾಸಿಮೇಡಿನ ಹತ್ತಿರ ಮೀನಿನ ಬುಟ್ಟಿಗಳು ಹತ್ತಿದರೆ ನಮ್ಮ ಬಟ್ಟೆಗೆಲ್ಲ ವಾಸನೆ ಅಂಟುತ್ತಿತ್ತು. ಹಿಂದಿರುಗಿದಾಗ ಅಜ್ಜಿ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ, ತಲೆಗೆ ನೀರು ಹುಯ್ದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಅಮ್ಮ ಒಂದು ದಿನವೂ ಬಂದವಳಲ್ಲ. ವಾರಕ್ಕೊಂದು ಬೆಳಿಗ್ಗೆ ಮನೆ ಖಾಲಿಯಾಗುತ್ತದಲ್ಲ, ಅದೇ ಅವಳ ಹಬ್ಬ.

ಪಂದ್ಯದ ನಿಯಮ ಒಂದೇ. ಎಲ್ಲರ ಕಾರಿಗೂ ಒಂದೇ ಬಗೆಯ ಮೋಟಾರು. ಅದರೊಳಗಿನ ಸುರುಳಿಗಳಲ್ಲಿ ಇಪ್ಪತ್ತೇಳು ಸುತ್ತು ತಂತಿ. ಸುತ್ತು ಕಡಿಮೆ ಮಾಡಿ ದಪ್ಪ ತಂತಿ ಹಾಕಿದರೆ ಮೋಟಾರು ಇನ್ನೂ ಜೋರಾಗಿ ತಿರುಗುತ್ತದೆ, ಹಾಗೆಯೇ ಕೆಂಡದಂತೆ ಕಾಯುತ್ತದೆ, ಬ್ಯಾಟರಿಯನ್ನು ಬೇಗ ಕುಡಿದು ಮುಗಿಸುತ್ತದೆ. ಆದ್ದರಿಂದ ಯಾರೂ ಮೋಟಾರನ್ನು ಬಿಚ್ಚುವಂತಿಲ್ಲ. ಮಾಡಬಹುದಾದದ್ದು ಆಯ್ಕೆ ಮಾತ್ರ. ಒಂದೇ ಪೆಟ್ಟಿಗೆಯಲ್ಲಿ ಬಂದ ಮೋಟಾರುಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ತಿಂಡಿಯ ನಂತರ ಹಾಲಿನಲ್ಲಿ ಚಾಪೆ ಹಾಸಿ ಅವನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದ. ಒಂದೊಂದನ್ನೇ ಓಡಿಸಿ, ಎಷ್ಟು ಕರೆಂಟು ಎಳೆಯುತ್ತದೆ ಎಂದು ಮೀಟರು ನೋಡುತ್ತಿದ್ದ. ತಂತಿ ತೆಗೆದ ಮೇಲೆ ಎಷ್ಟು ಹೊತ್ತು ತಾನಾಗಿ ತಿರುಗುತ್ತದೆ ಎಂದು ಕಾಯುತ್ತಿದ್ದ. ಕೊನೆಗೆ ಬೆರಳಿನಿಂದ ಮೆಲ್ಲಗೆ ತಿರುಗಿಸಿ ಅಯಸ್ಕಾಂತದ ಹಿಡಿತವನ್ನು ಅಂದಾಜು ಮಾಡುತ್ತಿದ್ದ. ದಾರಿಯಲ್ಲಿ ತಿರುವುಗಳು ಹೆಚ್ಚಿದ್ದರೆ ನಿಂತಲ್ಲಿಂದ ಚಿಮ್ಮುವ ಮೋಟಾರು ಬೇಕು, ನೇರ ಓಟ ಉದ್ದವಿದ್ದರೆ ಕೊನೆಯ ತನಕ ವೇಗ ಬಿಡದಂಥದ್ದು ಬೇಕು. ಅಕ್ಕ ಕಣ್ಣು ಮುಚ್ಚಿಕೊಂಡು ಸದ್ದಿನಿಂದಲೇ ಹೇಳುತ್ತಿದ್ದಳು. ಬಹಳ ಸಲ ಅವಳ ಕಿವಿ, ಅಪ್ಪನ ಮೀಟರು ಒಂದೇ ಮೋಟಾರನ್ನು ತೋರಿಸುತ್ತಿದ್ದವು. ಅಡುಗೆಮನೆಯಿಂದ ಅಮ್ಮನೂ ಅದು ಮಿಕ್ಸಿ ಥರ ಕಿರುಚುತ್ತಿದೆ, ಬೇಡ ಎಂದು ತೀರ್ಪು ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಜಗಳವಿಲ್ಲದೆ ಒಂದು ಕಡೆ ಸೇರುತ್ತಿದ್ದದ್ದು ಆ ಚಾಪೆಯ ಸುತ್ತಲೇ.

ಪಂದ್ಯಕ್ಕೆ ಮೊದಲು ಎಲ್ಲರ ಮೋಟಾರುಗಳನ್ನೂ ಪರೀಕ್ಷೆ ಮಾಡಿ, ಇವನ್ನು ಯಾರೂ ಬಿಚ್ಚಿಲ್ಲ ಎಂದು ಹೇಳುವ ಕೆಲಸ ಅಪ್ಪನದೇ ಆಗಿತ್ತು. ಪಂದ್ಯ ನಡೆಸುತ್ತಿದ್ದ ಡೆಸ್ಮಂಡ್ ಅಂಕಲ್ ಅದನ್ನು ಅವನಿಗೇ ಬಿಟ್ಟಿದ್ದರು. ಕನ್ನಡಕ್ಕಾರ, ಅಂದರೆ ಕನ್ನಡದವ, ನಂಜುಂಡಪ್ಪ ನೋಡಿದರೆ ಮುಗಿಯಿತು ಎಂದು ಅಲ್ಲಿ ಎಲ್ಲರೂ ಹೇಳುತ್ತಿದ್ದರು. ಅಪ್ಪನ ಮೋಟಾರನ್ನು ಯಾರೂ ನೋಡುತ್ತಿರಲಿಲ್ಲ. ನೋಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಇಷ್ಟಾದರೂ ಅಪ್ಪ ಒಮ್ಮೆಯೂ ಮೊದಲ ಸ್ಥಾನ ಗೆದ್ದವನಲ್ಲ. ಟೈಲ್ಸ್ ಅಂಗಡಿಯ ಮುರುಗೇಶನ್ ಅವರ ಕಾರೇ ಸದಾ ಮುಂದೆ. ಸೋತ ದಿನ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ, ಅವರ ಕೈ ಒಳ್ಳೆಯದು ಕಣೇ, ನನ್ನದು ಮೋಟಾರು ಒಳ್ಳೆಯದು, ಎಂದು ನಗುತ್ತಿದ್ದ. ಆ ನಗುವನ್ನು ನಾನು ಪೂರ್ತಿ ನಂಬಿದ್ದೆ.

ಆ ಬೇಸಿಗೆಯಲ್ಲಿ ಅಕ್ಕನ ಹತ್ತನೇ ತರಗತಿ ಮುಗಿದಿತ್ತು. ಪಾಲಿಟೆಕ್ನಿಕ್ಕಿಗೆ ಸೇರಿ ಎಲೆಕ್ಟ್ರಿಕಲ್ ಓದುತ್ತೇನೆ ಎಂದಳು. ನೆರೆಮನೆಗಳ ಫ್ಯಾನು, ಮಿಕ್ಸಿ ಸುಟ್ಟುಹೋದಾಗ ಹಳೆಯ ತಂತಿ ಬಿಚ್ಚಿ ಹೊಸದು ಸುತ್ತುವುದನ್ನು ಅವಳಿಗೆ ಕಲಿಸಿದವನು ಅಪ್ಪನೇ. ತನಗಿಂತ ಅವಳ ಸುತ್ತು ಬಿಗಿ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದವನೂ ಅವನೇ. ಆದರೆ ಪಾಲಿಟೆಕ್ನಿಕ್ಕಿನ ಮಾತು ಬಂದ ಕೂಡಲೇ ಆಗುವುದಿಲ್ಲ ಎಂದ. ಆ ಗ್ರೀಸು, ಆ ಹೊಗೆ, ಆ ಗಂಡಸರ ಮಧ್ಯೆ ನಮ್ಮ ಮನೆಯ ಹುಡುಗಿ ನಿಲ್ಲುವುದಕ್ಕಾಗುತ್ತದೆಯೇ, ಕಾಮರ್ಸ್ ಓದಲಿ, ಬ್ಯಾಂಕಿನ ಕೆಲಸ ಹಿಡಿಯಲಿ, ಎಂದ. ಅಮ್ಮ ಅಕ್ಕನ ಪರವಾಗಿ ಮಾತಾಡಿದಳು. ತಟ್ಟೆಗಳು ಸದ್ದು ಮಾಡಿದವು. ಮುದ್ದೆ, ಬಸ್ಸಾರು ಮುಟ್ಟುವವರಿಲ್ಲದೆ ತಣ್ಣಗಾದವು. ಅಕ್ಕ ಮನೆಯಲ್ಲಿ ಕನ್ನಡವಾಡುವುದನ್ನೇ ನಿಲ್ಲಿಸಿದಳು. ಏನು ಕೇಳಿದರೂ ತಮಿಳಿನಲ್ಲಿ ಒಂದೋ ಎರಡೋ ಮಾತು. ಏನಂತೆ ಅವಳದು ಎಂದು ಅಜ್ಜಿ ನನ್ನನ್ನು ಕೇಳುತ್ತಿದ್ದಳು.

ಹೀಗಿರುವಾಗ ಒಂದು ಶನಿವಾರ ಅಪ್ಪ ಹೊಸ ಮೋಟಾರುಗಳ ಪೆಟ್ಟಿಗೆಯನ್ನು ತೆರೆದು, ನೀರಿನ ಬಾಟಲಿಯನ್ನೂ ಪಕ್ಕಕ್ಕಿಟ್ಟುಕೊಂಡು ಹಾಲಿನಲ್ಲೇ ಕೂತ. ಅಕ್ಕ ಚಾಪೆಯ ಹತ್ತಿರ ಬರಲಿಲ್ಲ, ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮೂರೋ ನಾಲ್ಕೋ ಮೋಟಾರುಗಳಾದ ಮೇಲೆ ಒಂದನ್ನು ನೀರಿಗೆ ಬಿಟ್ಟಾಗ ಅದರ ಸದ್ದೇ ಬೇರೆಯಾಗಿತ್ತು. ಬಾಟಲಿ ಕೈಯಲ್ಲಿ ನಿಲ್ಲದಷ್ಟು ನಡುಗಿತು. ಅಪ್ಪ ಅದನ್ನು ಹೊರತೆಗೆದು ಒರೆಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮೀಟರಿಗೆ ಹಾಕಿದ. ಮತ್ತೆ ನೋಡಿದ. ಆಮೇಲೆ, ಇಂಥ ಮೋಟಾರು ನನ್ನ ಕೈಗೆ ಇದುವರೆಗೂ ಬಂದಿರಲಿಲ್ಲ ಎಂದು ಮೆಲ್ಲಗೆ ಹೇಳಿ, ಅದನ್ನು ಕಾರಿಗೆ ಕೂರಿಸಿದ. ಅಕ್ಕ ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಅಪ್ಪ ತಲೆಯೆತ್ತಲಿಲ್ಲ. ಅವಳು ಒಳಗೆ ಹೋದಳು.

ಮಾರನೆಯ ದಿನ ತಿರುವೊಟ್ಟಿಯೂರಿನಲ್ಲಿ ಅಪ್ಪನ ಕಾರು ಹಾರಿತು ಎಂದೇ ಹೇಳಬೇಕು. ನೇರ ದಾರಿಯಲ್ಲಿ ಮುರುಗೇಶನ್ ಅವರ ಕಾರನ್ನು ನಿಂತ ಕಾರಿನಂತೆ ದಾಟಿಹೋಯಿತು. ನಾನು ಕೊಡೆ ಬಿಸಾಡಿ ಕುಣಿದೆ. ಅಕ್ಕ ಕುಣಿಯಲಿಲ್ಲ, ಎರಡೂ ಕೈಯಿಂದ ದಾವಣಿಯ ಸೆರಗು ಹಿಂಡುತ್ತಿದ್ದಳು. ಓಟ ಮುಗಿದ ಮೇಲೆ ಮುರುಗೇಶನ್ ಬಂದು ಕೈಕುಲುಕಿದರು. ಆಮೇಲೆ ಬಹಳ ಸಂಕೋಚದಿಂದ, ತಪ್ಪು ತಿಳಿಯಬಾರದು, ಮೋಟಾರನ್ನು ಒಮ್ಮೆ ಬಿಚ್ಚಿ ನೋಡಬಹುದೇ ಎಂದರು. ಡೆಸ್ಮಂಡ್ ಅಂಕಲ್ ಮುಖ ಕೆಂಪೇರಿತು. ಯಾರನ್ನು ಏನು ಕೇಳುತ್ತಿದ್ದೀರಿ ಗೊತ್ತೇ ಎಂದು ಅವರು ಮುರುಗೇಶನ್ ಮೇಲೆ ರೇಗಿದರು. ನಂಜುಂಡಪ್ಪನ ಹೆಸರು ಶುದ್ಧವಾಗಲಿ ಎಂಬುದಕ್ಕಾಗಿ ಮಾತ್ರ ಬಿಚ್ಚುತ್ತೇನೆ, ಆಮೇಲೆ ನೀವು ಎಲ್ಲರ ಮುಂದೆ ಕ್ಷಮೆ ಕೇಳಬೇಕು ಎಂದು ಹೇಳಿ ಅವರೇ ಸ್ಕ್ರೂಡ್ರೈವರ್ ಹಿಡಿದರು.

ಮುಚ್ಚಳವನ್ನು ಬಿಗಿದಿದ್ದ ತಗಡಿನ ಕಿವಿಗಳನ್ನು ಎತ್ತಿ, ಒಳಗಿನ ತಂತಿ ಸುತ್ತಿದ ತಿರುಗಣೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದರು. ತಂತಿ ದಪ್ಪಗಿತ್ತು, ಬಣ್ಣವೂ ಬೇರೆ. ಅವರು ಒಂದು ಸುರುಳಿಯ ತುದಿ ಹಿಡಿದು ಬಿಚ್ಚತೊಡಗಿದರು. ಪ್ರತಿ ಸುತ್ತಿಗೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದರು. ಸುತ್ತಲಿದ್ದವರ ತುಟಿಗಳೂ ಅದರೊಂದಿಗೆ ಅಲುಗುತ್ತಿದ್ದವು. ಇಪ್ಪತ್ತಮೂರಕ್ಕೆ ತಂತಿ ಮುಗಿದು ಅವರ ಕೈಯಿಂದ ಜೋತುಬಿತ್ತು. ನಾನು ಇಪ್ಪತ್ತನಾಲ್ಕು ಎಂದು ಬಾಯಿಬಿಟ್ಟು ಹೇಳಿಯೇಬಿಟ್ಟೆ. ನನ್ನೊಬ್ಬಳ ದನಿ ಮಾತ್ರ ಕೇಳಿಸಿತು. ಎಣಿಕೆ ತಪ್ಪಿರಬೇಕು, ಇನ್ನೊಮ್ಮೆ ಎಣಿಸಲಿ ಎಂದು ನಾನು ಅಪ್ಪನ ಮುಖ ನೋಡಿದೆ. ಅಪ್ಪ ತಂತಿಯನ್ನು ನೋಡುತ್ತಿದ್ದ. ಆಮೇಲೆ ಡೆಸ್ಮಂಡ್ ಅಂಕಲ್ ಕಡೆ ತಿರುಗಿ ತಮಿಳಿನಲ್ಲಿ, ಸಾಮಾನ್ಯ ದನಿಯಲ್ಲಿ, ಅಂದ:

"ನಾನ್ ದಾನ್ ಸುತ್ತಿನೇನ್."

ಸುತ್ತಿದ್ದು ನಾನೇ. ಆ ಮೂರು ಮಾತು ಕೇಳಿ ನನ್ನ ಕಿವಿಯೊಳಗೆ ಸಮುದ್ರದ ಸದ್ದು ತುಂಬಿಕೊಂಡಿತು. ಶಾಲೆಯಲ್ಲಿ ಯಾರಾದರೂ ನನ್ನ ಮಾತನ್ನು ನಂಬದಿದ್ದರೆ ಅಪ್ಪನ ಮೇಲೆ ಆಣೆ ಇಡುತ್ತಿದ್ದವಳು ನಾನು. ಡೆಸ್ಮಂಡ್ ಅಂಕಲ್ ಬಿಡಿಭಾಗಗಳನ್ನೆಲ್ಲ ತಮ್ಮ ಕರವಸ್ತ್ರದಲ್ಲಿ ಹಾಕಿ ಅಪ್ಪನ ಕೈಗೆ ಕೊಟ್ಟರು. ಬೈಯಲಿಲ್ಲ. ಮುಖವನ್ನೂ ನೋಡಲಿಲ್ಲ. ಮುರುಗೇಶನ್ ಅವರೇ ಏನೋ ತಪ್ಪು ಮಾಡಿದವರಂತೆ ದೂರ ಸರಿದು ನಿಂತರು. ಬಸ್ಸಿನಲ್ಲಿ ನಾವು ಮೂವರೂ ಬೇರೆ ಬೇರೆ ಸೀಟುಗಳಲ್ಲಿ ಕೂತೆವು.

ಮನೆಗೆ ಬಂದಾಗ ಅಜ್ಜಿ ಎಂದಿನಂತೆ ತಲೆಗೆ ನೀರು ಹುಯ್ದಳು. ಅಮ್ಮ ಎಲೆ ಹಾಕಿ ಅನ್ನ, ಸಾರು ಬಡಿಸಿದಳು. ಗೆದ್ದಿರಾ ಎಂದು ಅವಳು ಕೇಳಿದ್ದಕ್ಕೆ ಅಪ್ಪ ಚುಟುಕಾಗಿ ನಡೆದದ್ದನ್ನು ಹೇಳಿದ, ತಾನೇ ಮೋಟಾರು ಬಿಚ್ಚಿ ಸುತ್ತಿದೆ ಎಂಬುದನ್ನೂ ಸೇರಿಸಿ. ಅಮ್ಮನ ಕೈಯಲ್ಲಿದ್ದ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಆಗ ಅಕ್ಕ ಎಲೆಯ ಮೇಲಿಂದ ಕೈ ತೆಗೆದಳು. ಅಂಗಳದಲ್ಲಿ ಅಪ್ಪ ಅಂದಿದ್ದ ಅದೇ ಮೂರು ಮಾತುಗಳನ್ನು ಅವಳೂ ಅಂದಳು.

"ಅವ್ಳು ಏನಂದ್ಲು?" ಎಂದು ಅಜ್ಜಿ ನನ್ನನ್ನು ಕೇಳಿದಳು.

ಸುತ್ತಿದ್ದು ಅಪ್ಪ ಅಲ್ಲ, ತಾನು ಅಂತಿದ್ದಾಳೆ, ಎಂದೆ. ಅಪ್ಪ ಅಕ್ಕನನ್ನು ಉಳಿಸಲು ಸುಳ್ಳು ಹೇಳಿದ್ದಾನೆ ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಎದೆಯ ಮೇಲಿಂದ ಕಲ್ಲು ಜಾರಿದ ಹಾಗಾಯಿತು. ಅಮ್ಮನಿಗೂ ಹಾಗೇ ಅನಿಸಿರಬೇಕು, ಅವಳ ಕಣ್ಣು ತುಂಬಿತ್ತು. ಆದರೆ ಅಪ್ಪ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಹೇಳಿದ:

"ನಂಗೆ ಗೊತ್ತಿತ್ತು. ನಿನ್ನೆ ನೀರಿಗೆ ಹಾಕಿದ ಕೂಡ್ಲೇ ಗೊತ್ತಾಯ್ತು. ತಗಡಿನ ಕಿವಿ ಎತ್ತಿ ಮತ್ತೆ ಬಗ್ಗಿಸಿರೋದು ಕಾಣ್ತಾ ಇತ್ತು. ಇವಳ ಕೈಯಂತಲೂ ಗೊತ್ತಾಯ್ತು."

"ಗೊತ್ತಿದ್ದೂ ಓಡಿಸಿದ್ರಾ?" ಎಂದಳು ಅಮ್ಮ.

"ಗೆಲ್ಬೇಕು ಅನ್ನಿಸ್ತು. ಒಂದ್ಸಲ. ನನ್ನ ಮೋಟಾರನ್ನ ಯಾರೂ ನೋಡಲ್ಲ ಅಂತಲೂ ಗೊತ್ತಿತ್ತು."

ಇಷ್ಟು ವರ್ಷಗಳ ನಂತರವೂ ಆ ಊಟದ ಸಾಲು ನನ್ನ ಕಣ್ಣ ಮುಂದಿದೆ. ಸಿಟ್ಟಿನಲ್ಲಿ, ಅಳುವಿನಲ್ಲಿ ಜನ ಸತ್ಯ ಹೇಳುವುದನ್ನು ಆಮೇಲೆ ಬಹಳ ಸಲ ಕಂಡಿದ್ದೇನೆ. ಅನ್ನ ಕಲಸುತ್ತ, ಉಪ್ಪು ಕೇಳುವ ದನಿಯಲ್ಲಿ, ತನ್ನ ಹೆಸರನ್ನು ತಾನೇ ನೆಲಕ್ಕೆ ಹಾಕಿದವನನ್ನು ಅಂದು ಮಾತ್ರ ಕಂಡದ್ದು. ಅಕ್ಕ ನನಗಿಂತ ಹೆಚ್ಚು ಬೆಚ್ಚಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಕನ್ನಡ ಹೊರಟಿತು.

"ನೀನು ಹಿಡೀತೀಯ ಅಂತಲೇ ಪೆಟ್ಟಿಗೇಲಿ ಇಟ್ಟಿದ್ದು. ಹಿಡಿದ ಮೇಲೆ ಕೇಳೋಣ ಅಂತಿದ್ದೆ."

"ಏನ್ ಕೇಳೋಣ ಅಂತಿದ್ದೆ?"

"ಇಷ್ಟು ಮಾಡೋಕೆ ಬರತ್ತೆ, ಓದೋಕೆ ಕಳಿಸ್ತೀಯಾ ಅಂತ."

ಮೋಟಾರಿನ ಬ್ರಷ್ಷುಗಳನ್ನು ಹೇರ್‌ಪಿನ್ನಿನಿಂದ ಅಗಲಿಸಿ ಹಿಡಿದು ತಿರುಗಣೆಯನ್ನು ಮತ್ತೆ ಒಳಗೆ ಕೂರಿಸಿದ್ದು, ಒಂದು ಸಲ ತಂತಿ ತುಂಡಾಗಿ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಸುತ್ತಿದ್ದು, ಎಲ್ಲವನ್ನೂ ಅಕ್ಕ ಒಂದೇ ಉಸಿರಿನಲ್ಲಿ ಹೇಳಿದಳು. ನಿನ್ನೆ ನೀನು ಅದನ್ನು ಹೊಗಳಿದಾಗ ಬಾಯಿ ಕಟ್ಟಿಹೋಯಿತು, ನಿನಗೆ ಗೊತ್ತಾಗಲಿಲ್ಲ ಎಂದುಕೊಂಡೆ, ಎಂದಳು. ಅಜ್ಜಿ ಮಗನ ಕಡೆ ತಿರುಗಿದಳು.

"ಕೂಸು ಮಾಡಿದ್ದು ನಿನ್ ಮುಂದೆ ನಿಂತ್ಕೊಳ್ಳೋಕೆ. ನೀನ್ ಮಾಡಿದ್ದು ಯಾಕ್ಲಾ?"

ಅಪ್ಪ ಎಲೆ ಮಡಿಸಿ ಎದ್ದ. ಕೈ ತೊಳೆದುಕೊಂಡು ವರಾಂಡದ ಕಲ್ಲಿನ ಮೇಲೆ ಸಂಜೆಯವರೆಗೆ ಕೂತಿದ್ದ. ಅಮ್ಮ ಕಾಫಿ ತೆಗೆದುಕೊಂಡು ಹೋಗಲಿಲ್ಲ, ನನ್ನ ಕೈಯಲ್ಲಿ ಕಳಿಸಿದಳು.

ಮುಂದಿನ ಭಾನುವಾರ ಅಪ್ಪ ಕಾರಿಲ್ಲದೆ ತಿರುವೊಟ್ಟಿಯೂರಿಗೆ ಹೊರಟ. ಅಕ್ಕನನ್ನು ಬಾ ಎಂದ. ನಾನೂ ಹಿಂದೆ ಬಿದ್ದೆ. ಮರ್ಯಾದೆ ಹೋದದ್ದು ಸಾಲದೇ, ಈಗ ಹುಡುಗಿಯ ಹೆಸರನ್ನೂ ಯಾಕೆ ತರುತ್ತೀರಿ ಎಂದು ಅಮ್ಮ ತಡೆದಳು. ಅವಳು ಸುತ್ತಿದ್ದನ್ನು ನಾನು ಸುತ್ತಿದೆ ಅಂದೆನಲ್ಲ, ಅದೂ ಕಳ್ಳತನವೇ ಅಲ್ಲವೇ ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡ. ಅಂಗಳದಲ್ಲಿ ಎಲ್ಲರನ್ನೂ ಕರೆದು, ಸುತ್ತಿದವಳು ನನ್ನ ಮಗಳು, ಪಂದ್ಯಕ್ಕಾಗಿ ಅಲ್ಲ, ಗೊತ್ತಿದ್ದೂ ಓಡಿಸಿದವನು ನಾನು, ಎಂದ. ಡೆಸ್ಮಂಡ್ ಅಂಕಲ್ ಪೂರ್ತಿ ಕೇಳಿಸಿಕೊಂಡರು. ಅಕ್ಕನಿಗೆ, ನಿನ್ನ ಸುತ್ತು ಬಹಳ ಚೊಕ್ಕವಾಗಿತ್ತಮ್ಮ, ಬಿಚ್ಚುವಾಗಲೇ ನೋಡಿದೆ ಎಂದರು. ಅಪ್ಪನಿಗೆ, ನಂಜುಂಡಪ್ಪ, ಇನ್ನು ಇಲ್ಲಿಗೆ ಬರಬೇಡಿ ಎಂದರು. ಪ್ರತಿ ಕ್ರಿಸ್ಮಸ್ಸಿಗೂ ನಮ್ಮ ಮನೆಗೆ ಬರುತ್ತಿದ್ದ ಅವರ ಮನೆಯ ಕೇಕು ಆ ವರ್ಷದಿಂದ ನಿಂತಿತು. ವರ್ಕ್‌ಶಾಪಿಗೂ ಸುದ್ದಿ ಮುಟ್ಟಿತು. ಅಲ್ಲಿ ಅಪ್ಪನಿಗೆ ಇರುಬತ್ತಿಮೂಣು ಎಂಬ ಹೆಸರು ಬಿತ್ತು, ಅಂದರೆ ಇಪ್ಪತ್ತಮೂರು. ಅವನ ಕೆಳಗಿನವರು ಬೆನ್ನ ಹಿಂದೆ, ಸಮಾನರು ಮುಖದೆದುರೇ ಹಾಗೆ ಕರೆದರು. ನಿವೃತ್ತಿಯವರೆಗೂ ಅದು ಹೋಗಲಿಲ್ಲ. ಒಮ್ಮೆ ಪೆರಂಬೂರು ಸ್ಟೇಷನ್ನಿನ ಸೇತುವೆಯ ಮೇಲೆ ಯಾರೋ ಹಾಗೆ ಕೂಗಿದಾಗ ಅಪ್ಪ ತಿರುಗಿ ಕೈ ಎತ್ತಿದ. ನಾನು ಜೊತೆಯಲ್ಲಿದ್ದೆ, ನನ್ನ ಮುಖವೇ ಉರಿಯಿತು.

ಅಕ್ಕ ಪಾಲಿಟೆಕ್ನಿಕ್ಕಿಗೆ ಸೇರಿದಳು. ಅಪ್ಪನೇ ಕರೆದುಕೊಂಡು ಹೋಗಿ ಸೇರಿಸಿದ. ಆದರೆ ಅವರಿಬ್ಬರ ನಡುವೆ ಮೊದಲಿನ ಸಲಿಗೆ ಬೇಗ ಮರಳಲಿಲ್ಲ. ಅವಳಿಗೆ ಸಿಟ್ಟಿದ್ದದ್ದು ಅಪ್ಪ ಮೋಸ ಮಾಡಿದ್ದಕ್ಕಲ್ಲ. ಗುರುತು ಹಿಡಿದೂ ಅವತ್ತು ಚಾಪೆಯ ಮೇಲೆ ಇದು ನಿನ್ನದಲ್ಲವೇ ಎಂದು ಒಂದು ಮಾತು ಕೇಳಲಿಲ್ಲವಲ್ಲ, ಅದಕ್ಕೆ. ಈಗ ಅವಳು ಕೊಯಮತ್ತೂರಿನಲ್ಲಿ ಪಂಪ್‌ಸೆಟ್ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತಾಳೆ. ನನಗೆ ಮಾತ್ರ ಆ ಭಾನುವಾರ ಬೇರೆ ರೀತಿಯಲ್ಲಿ ಅಂಟಿಕೊಂಡಿತು. ಅದರ ನಂತರ ನಾನು ಯಾರ ಮೇಲೂ ಆಣೆ ಇಟ್ಟಿಲ್ಲ. ಯಾರನ್ನಾದರೂ ಅಪ್ಪಟ ಎಂದು ಹೊಗಳುವುದನ್ನು ಕೇಳಿದರೆ ಅಲ್ಲಿಂದ ಮೆಲ್ಲಗೆ ಏಳುತ್ತೇನೆ. ಅಪ್ಪನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಕಡಿಮೆಯಾಗದೇ ಇದ್ದದ್ದು ಆಗ ನನ್ನನ್ನು ಇನ್ನೂ ಹೆಚ್ಚು ಹೆದರಿಸಿತ್ತು.

ಅಮ್ಮ ಹೋದ ಮೇಲೆ ಅಪ್ಪ ನನ್ನ ಮನೆಯಲ್ಲೇ ಇದ್ದಾನೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಇಬ್ಬರೇ ಕೂತಿದ್ದೆವು. ಅವನು ಮೋಸಂಬಿ ಸುಲಿಯುತ್ತಿದ್ದ. ಇಷ್ಟು ವರ್ಷ ಬಾಯಿಗೆ ಬಂದು ನಿಲ್ಲುತ್ತಿದ್ದ ಪ್ರಶ್ನೆಯನ್ನು ಅವತ್ತು ಕೇಳಿಯೇಬಿಟ್ಟೆ. ಮುರುಗೇಶನ್ ಸುಮ್ಮನಿದ್ದಿದ್ದರೆ, ಡೆಸ್ಮಂಡ್ ಅಂಕಲ್ ಮೋಟಾರನ್ನು ಬಿಚ್ಚದೇ ಇದ್ದಿದ್ದರೆ, ನೀನಾಗಿಯೇ ಹೇಳುತ್ತಿದ್ದೆಯಾ ಎಂದು. ಹೂಂ ಎನ್ನುತ್ತಾನೆ ಎಂದು ಒಳಗೊಳಗೆ ಕಾದಿದ್ದೆ. ಅಷ್ಟಂದರೆ ಸಾಕಾಗಿತ್ತು. ನಾನು ನಂಬುತ್ತಿದ್ದೆ.

ಅಪ್ಪ ಸಿಪ್ಪೆಯ ಕೊನೆಯ ತುಂಡನ್ನು ಕಿತ್ತು ತಟ್ಟೆಗೆ ಹಾಕಿದ.

"ಇಲ್ಲ ಕಣಮ್ಮ. ಹೇಳ್ತಿರಲಿಲ್ಲ," ಎಂದ.

ಆಮೇಲೆ ಹಣ್ಣನ್ನು ಎರಡು ಭಾಗ ಮಾಡಿ, ಬೀಜ ತೆಗೆದು, ಒಂದನ್ನು ನನ್ನ ಕೈಗಿಟ್ಟ.